ಹಳೆಯ ಲ್ಯಾಪ್‌ಟಾಪಿನ ಡಿಸ್ಕ್‌ಗೆ ಎಂಥ ಕೇಸ್ ಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹೊಸ ವಿಂಡೋಸ್ ಹಾಕಲು ಬಾರದ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿ ಅಟ್ಟ ಸೇರುತ್ತಿವೆ. ಬ್ಯಾಟರಿ ಹೋಗಿರಬಹುದು, ಪರದೆ ಒಡೆದಿರಬಹುದು. ಆದರೆ ಒಳಗಿನ ಡಿಸ್ಕ್ ಬಹಳ ಸಲ ಗಟ್ಟಿಯಾಗಿಯೇ ಇರುತ್ತದೆ. ಮಗುವಿನ ನಾಮಕರಣದ ಫೋಟೊ, ಅಜ್ಜಿ ಹಾಡಿದ ಸೋಬಾನೆ ಪದದ ರೆಕಾರ್ಡಿಂಗ್, ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪ್ ಮಾಡಿಟ್ಟ ಹಸ್ತಪ್ರತಿ, ಜಮೀನಿನ ಕಾಗದಗಳ ಸ್ಕ್ಯಾನ್ ಪ್ರತಿ ಎಲ್ಲವೂ ಅದರಲ್ಲೇ ಉಳಿದಿರುತ್ತವೆ.

ಆ ಡಿಸ್ಕನ್ನು ಬಿಚ್ಚಿ ಒಂದು ಕೇಸಿನೊಳಗೆ ಕೂರಿಸಿದರೆ ಹೊಸ ಲ್ಯಾಪ್‌ಟಾಪಿಗೆ ಯುಎಸ್‌ಬಿ ಮೂಲಕ ಜೋಡಿಸಬಹುದು. ಸಾಮಾನ್ಯ ಹಾರ್ಡ್ ಡಿಸ್ಕಿನ ಕೇಸಿಗೆ ತಗಲುವುದು ಕೆಲವು ನೂರು ರೂಪಾಯಿ. ಬೆಲೆ ಕಡಿಮೆಯೆಂದು ಕೈಗೆ ಸಿಕ್ಕಿದ್ದನ್ನು ತಂದರೆ ಮಾತ್ರ ನಷ್ಟ ದೊಡ್ಡದು. ಫೈಲು ನಕಲಾಗುವಾಗ ನಡುವೆ ಸಂಪರ್ಕ ಕಡಿದುಹೋಗುವ ಕೇಸ್, ಚೆನ್ನಾಗಿದ್ದ ಡಿಸ್ಕಿನ ಮಾಹಿತಿಯನ್ನೂ ಕೆಡಿಸಬಲ್ಲದು.

ಮೊದಲು ಡಿಸ್ಕನ್ನು ಗುರುತಿಸಿ

ಅಂಗಡಿಗೆ ಹೋಗುವ ಮುನ್ನ ಡಿಸ್ಕನ್ನು ಹೊರತೆಗೆದು ನೋಡುವುದು ಒಳ್ಳೆಯದು. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ 2.5 ಇಂಚಿನದು. ಎರಡು ಚಪ್ಪಟೆ ಕನೆಕ್ಟರ್‌ಗಳು ಅಕ್ಕಪಕ್ಕ ಇದ್ದರೆ ಅದು ಸಾಟಾ. ಎರಡು ಸಾಲು ಸೂಜಿಗಳಂಥ ಪಿನ್‌ಗಳಿದ್ದರೆ ಅದು ಇನ್ನೂ ಹಳೆಯ ಐಡಿಇ. ಅದಕ್ಕೆ ಸಾಟಾ ಕೇಸ್ ಹೊಂದುವುದಿಲ್ಲ, ಐಡಿಇ ಎಂದೇ ಕೇಳಿ ತರಬೇಕು. ದಪ್ಪವನ್ನೂ ಅಳೆಯಿರಿ. ಹಳೆಯ ಡಿಸ್ಕ್‌ಗಳಲ್ಲಿ ಹೆಚ್ಚಿನವು 9.5 ಮಿಲಿಮೀಟರ್, ತೆಳುವಾದವು 7 ಮಿಲಿಮೀಟರ್. 7 ಮಿಲಿಮೀಟರಿಗೆಂದೇ ಮಾಡಿದ ಕೇಸಿನಲ್ಲಿ 9.5ರ ಡಿಸ್ಕ್ ಕೂರುವುದಿಲ್ಲ.

ಈಚಿನ ಲ್ಯಾಪ್‌ಟಾಪಿನಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ ಇರಬಹುದು. ಅದರಲ್ಲಿ ಎರಡು ಜಾತಿ: ಸಾಟಾ ಮತ್ತು ಎನ್‌ವಿಎಂಇ. ನೋಡಲು ಒಂದೇ ಥರ ಇದ್ದರೂ ಒಂದರ ಕೇಸಿನಲ್ಲಿ ಇನ್ನೊಂದು ಕೆಲಸ ಮಾಡದಿರಬಹುದು. ಲೇಬಲ್ ಓದಿ, ಮಾಡೆಲ್ ಸಂಖ್ಯೆ ಬರೆದುಕೊಂಡೇ ಹೊರಡಿ. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದಕ್ಕೆ ಯಾವ ಕೇಸೂ ಇಲ್ಲ. ಯಂತ್ರ ಓಡುತ್ತಿರುವಾಗಲೇ ಫೈಲುಗಳನ್ನು ನಕಲು ಮಾಡಿಕೊಳ್ಳಬೇಕು.

ಇನ್ನೊಂದು ಎಚ್ಚರ ಬಿಟ್‌ಲಾಕರ್‌ನದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಡಿಸ್ಕನ್ನು ಬೀಗ ಹಾಕಿಯೇ ಇಟ್ಟಿರುತ್ತದೆ. ಬೇರೆ ಯಂತ್ರಕ್ಕೆ ಜೋಡಿಸಿದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಡಿಸ್ಕ್ ಬಿಚ್ಚುವ ಮೊದಲೇ ಆ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಂಬಿಕೆ ಇರುವುದು ಚಿಪ್ಪಿನಲ್ಲಿ

ಕೇಸಿನ ಒಳಗೆ ಒಂದು ಪುಟ್ಟ ಬೋರ್ಡ್, ಅದರ ಮೇಲೊಂದು ಬ್ರಿಡ್ಜ್ ಚಿಪ್ ಇರುತ್ತದೆ. ಡಿಸ್ಕ್ ಅರಿಯುವುದು ಸಾಟಾ ಅಥವಾ ಎನ್‌ವಿಎಂಇ ಆದೇಶಗಳನ್ನು. ಲ್ಯಾಪ್‌ಟಾಪಿನ ಪೋರ್ಟಿನಿಂದ ಬರುವುದು ಯುಎಸ್‌ಬಿ. ಇವೆರಡನ್ನೂ ಹೊಂದಿಸಿಕೊಡುವುದು ಆ ಚಿಪ್. ಕೇಸಿನ ಹೊಳಪು, ಬಣ್ಣ, ಚರ್ಮದ ಚೀಲ ಇವೆಲ್ಲ ನಂತರದ ಮಾತು. ಸಂಪರ್ಕ ಪದೇ ಪದೇ ತಪ್ಪುವ ತೊಂದರೆಗೆ ಬಹಳ ಸಲ ಈ ಚಿಪ್, ಅದರ ಫರ್ಮ್‌ವೇರ್ ಅಥವಾ ಕೇಬಲ್ ಕಾರಣವಾಗಿರುತ್ತದೆ.

ಸಾಟಾ ಡಿಸ್ಕಿಗೆ ಎಎಸ್‌ಮೀಡಿಯಾದ ಎಎಸ್‌ಎಂ1153ಇ, ಎಎಸ್‌ಎಂ235ಸಿಎಂ, ಜೆಮೈಕ್ರಾನ್‌ನ ಜೆಎಂಎಸ್578 ಬಹುಕಾಲದಿಂದ ಬಳಕೆಯಲ್ಲಿರುವ ಚಿಪ್‌ಗಳು. ಎನ್‌ವಿಎಂಇಗೆ ಜೆಎಂಎಸ್583 ಮತ್ತು ಎಎಸ್‌ಎಂ2362 ಇವೆ. ರಿಯಲ್‌ಟೆಕ್‌ನ ಆರ್‌ಟಿಎಲ್9210ಬಿ ಎಂ.2ರ ಎರಡೂ ಜಾತಿಗಳನ್ನು ಓದಬಲ್ಲದು. ಎಸ್‌ಎಸ್‌ಡಿ ಯಾವ ಜಾತಿಯದೆಂಬ ಗೊಂದಲವಿದ್ದವರಿಗೆ ಅದು ಅನುಕೂಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮೂರ ಕಂಪ್ಯೂಟರ್ ಅಂಗಡಿಯಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಕೊಳ್ಳುವಾಗ ಮೊದಲ ಪ್ರಶ್ನೆ ಇದಾಗಿರಲಿ: ‘ಇದರಲ್ಲಿ ಯಾವ ಚಿಪ್ ಇದೆ?’ ಚಿಪ್ಪಿನ ಹೆಸರನ್ನು ಪೆಟ್ಟಿಗೆಯ ಮೇಲೆ ಮುಚ್ಚುಮರೆಯಿಲ್ಲದೆ ಬರೆಯುವ ತಯಾರಕರಿಗೆ ಆದ್ಯತೆ ಕೊಡಿ.

ಜೊತೆಗೆ ಯುಎಎಸ್‌ಪಿ ಎಂಬ ಅಕ್ಷರಗಳನ್ನು ಹುಡುಕಿ. ಹಳೆಯ ವಿಧಾನದಲ್ಲಿ ಡಿಸ್ಕಿಗೆ ಒಂದು ಆದೇಶ ಮುಗಿದ ಮೇಲಷ್ಟೇ ಮುಂದಿನದು ಹೋಗುತ್ತದೆ. ಯುಎಎಸ್‌ಪಿಯಲ್ಲಿ ಹಲವು ಆದೇಶಗಳು ಒಟ್ಟಿಗೆ ಸಾಗುತ್ತವೆ. ಎಸ್‌ಎಸ್‌ಡಿಯಲ್ಲಿ ಸಾವಿರಾರು ಸಣ್ಣ ಫೈಲುಗಳನ್ನು ಓದುವಾಗ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ವಿದ್ಯುತ್ತು, ಕೇಬಲ್, ಬಿಸಿ

ತಿರುಗುವ ಡಿಸ್ಕಿಗೆ ಹೆಚ್ಚು ವಿದ್ಯುತ್ತು ಬೇಕಾಗುವುದು ಅದು ತಿರುಗಲು ಶುರುಮಾಡುವ ಗಳಿಗೆಯಲ್ಲಿ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕೊಡುವುದು 900. ಡಿಸ್ಕಿನ ಲೇಬಲ್ ಮೇಲೆ ‘5 ವೋಲ್ಟ್’ ಎಂಬುದರ ಪಕ್ಕದಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ನೋಡಿಕೊಳ್ಳಿ. ವಿದ್ಯುತ್ತು ಸಾಲದಿದ್ದರೆ ಡಿಸ್ಕ್ ಟಿಕ್ ಟಿಕ್ ಎನ್ನುತ್ತದೆ, ಬಂದು ಹೋಗುತ್ತದೆ. ಇದನ್ನು ಕಂಡು ಡಿಸ್ಕೇ ಕೆಟ್ಟಿದೆಯೆಂದು ಎಸೆದವರಿದ್ದಾರೆ. ಎಸೆಯುವ ಮೊದಲು ಪೋರ್ಟ್ ಬದಲಿಸಿ, ಕೇಬಲ್ ಬದಲಿಸಿ ನೋಡಲೇಬೇಕು. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಕೂಡ ಬೇಕು. ಅದರ ಕೇಸ್ ಪ್ರತ್ಯೇಕ ಅಡಾಪ್ಟರ್ ಸಮೇತವೇ ಇರಬೇಕು.

ಕೇಬಲ್ ಚಿಕ್ಕದಿದ್ದಷ್ಟೂ ಕ್ಷೇಮ. ಕೇಸಿನ ಕಡೆ ಅಗಲವಾದ ಮೈಕ್ರೋ-ಬಿ ಕನೆಕ್ಟರ್ ಇದ್ದರೆ ಅದು ಬರುಬರುತ್ತಾ ಸಡಿಲವಾಗುವ ಸಂಭವ ಹೆಚ್ಚು. ಈಗ ಹೊಸದಾಗಿ ಕೊಳ್ಳುವವರಿಗೆ ಯುಎಸ್‌ಬಿ-ಸಿ ಇರುವ ಕೇಸೇ ಮೇಲು.

ಬಿಸಿಯ ವಿಚಾರದಲ್ಲಿ ಎನ್‌ವಿಎಂಇಗೆ ರಿಯಾಯಿತಿ ಇಲ್ಲ. ದೊಡ್ಡ ಫೈಲುಗಳನ್ನು ಸತತವಾಗಿ ಬರೆಯುವಾಗ ಅದು ಕಾದು, ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಮೈ ಮತ್ತು ಚಿಪ್ಪಿಗೆ ತಾಗುವ ಥರ್ಮಲ್ ಪ್ಯಾಡ್ ಇರುವ ಕೇಸನ್ನೇ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕಿಗೆ ಗಟ್ಟಿ ಪ್ಲಾಸ್ಟಿಕ್ ಸಾಕು.

ವೇಗಕ್ಕೆ ಎಷ್ಟು ಕೊಡಬೇಕು?

ಲ್ಯಾಪ್‌ಟಾಪಿನ ತಿರುಗುವ ಡಿಸ್ಕ್ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಕೊಡುತ್ತದೆ. ಯುಎಸ್‌ಬಿ 2.0ರ ಕೇಸಿನಲ್ಲಿ ಸೆಕೆಂಡಿಗೆ 35 ಮೆಗಾಬೈಟ್ ಬಂದರೆ ಹೆಚ್ಚು. ಅಂದರೆ 500 ಗಿಗಾಬೈಟ್ ನಕಲು ಮಾಡಲು ಅಲ್ಲಿ ಸುಮಾರು ನಾಲ್ಕು ಗಂಟೆ. 5 ಗಿಗಾಬಿಟ್‌ನ ಯುಎಸ್‌ಬಿ 3.0ರಲ್ಲಿ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ತಿರುಗುವ ಡಿಸ್ಕಿಗೆ 5 ಗಿಗಾಬಿಟ್ ಧಾರಾಳ, ಅದಕ್ಕಿಂತ ದುಬಾರಿಯ ಕೇಸಿನಿಂದ ಲಾಭವಿಲ್ಲ. ಎನ್‌ವಿಎಂಇಗೆ 10 ಗಿಗಾಬಿಟ್ ಇರಲಿ. ಪೆಟ್ಟಿಗೆಯ ಮೇಲೆ 3.0, 3.1 ಜೆನ್ 1, 3.2 ಜೆನ್ 1 ಎಂದು ಹೇಗೆ ಬರೆದಿದ್ದರೂ ಮೂರೂ ಅದೇ 5 ಗಿಗಾಬಿಟ್. ಹಾಗಾಗಿ ಗಿಗಾಬಿಟ್ ಎಷ್ಟೆಂದೇ ಕೇಳಿ.

ತಂದ ಮೇಲೆ ಪರೀಕ್ಷೆ

ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷೆ ಮಾಡಿ. ಇದಕ್ಕೆ ಬೇರೊಂದು ಖಾಲಿ ಡಿಸ್ಕ್ ಇದ್ದರೆ ಉತ್ತಮ; ಬೆಲೆಬಾಳುವ ಫೋಟೊಗಳಿರುವ ಡಿಸ್ಕನ್ನು ಪ್ರಯೋಗಕ್ಕೆ ಒಡ್ಡಬೇಡಿ. ಹತ್ತಿಪ್ಪತ್ತು ಗಿಗಾಬೈಟಿನ ಫೋಲ್ಡರ್ ಒಂದನ್ನು ನಕಲು ಮಾಡಿ, ಮಧ್ಯೆ ನಿಲ್ಲದೆ ಮುಗಿಯುವುದೇ ನೋಡಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆಯಿರಿ. ಒಳ್ಳೆಯ ಕೇಸ್ ಡಿಸ್ಕಿನ ಆರೋಗ್ಯದ ವಿವರಗಳನ್ನು ಮರೆಮಾಚದೆ ತೋರಿಸುತ್ತದೆ. ಸಾಟಾ ಡಿಸ್ಕಿನಲ್ಲಿ ‘ಸಿ7’ ಸಾಲಿನ ಸಂಖ್ಯೆ ಏರುತ್ತಿದ್ದರೆ ಕೇಸಿನೊಳಗಿನ ಜೋಡಣೆಯ ಮೇಲೆ ಅನುಮಾನ ಪಡಿ. ‘05’ ಅಥವಾ ‘ಸಿ5’ ಏರುತ್ತಿದ್ದರೆ ಡಿಸ್ಕೇ ಸವೆಯುತ್ತಿದೆ. ತಡಮಾಡದೆ ಎಲ್ಲವನ್ನೂ ನಕಲು ಮಾಡಿಕೊಳ್ಳಿ.

ಡಿಸ್ಕ್ ಜೋಡಿಸಿದಾಗ ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ವಿಂಡೋಸ್ ಕೇಳಿದರೆ ಒಪ್ಪಬೇಡಿ. ಕೆಲವು ಕೇಸ್‌ಗಳು ಸೆಕ್ಟರಿನ ಅಳತೆಯನ್ನೇ ಬದಲಿಸಿ ತೋರಿಸುವುದರಿಂದ, ಒಂದರಲ್ಲಿ ಸರಿಯಾಗಿ ತೆರೆಯುವ ಡಿಸ್ಕ್ ಇನ್ನೊಂದರಲ್ಲಿ ಖಾಲಿಯಂತೆ ಕಾಣಬಹುದು. ಬೇರೆ ಕೇಸಿನಲ್ಲೋ ಮೂಲ ಲ್ಯಾಪ್‌ಟಾಪಿನಲ್ಲೋ ಹಾಕಿ ನೋಡಿದ ಮೇಲೆ ಮುಂದಿನ ತೀರ್ಮಾನ. ಬಳಸಿ ಮುಗಿದ ಮೇಲೆ ‘ಇಜೆಕ್ಟ್’ ಒತ್ತಿಯೇ ಕೇಬಲ್ ಕೀಳಿ. ತಿರುಗುವ ಡಿಸ್ಕನ್ನು ಓಡುತ್ತಿರುವಾಗ ಎತ್ತಾಡಬೇಡಿ.

ಒಟ್ಟಿನಲ್ಲಿ, ಹಳೆಯ ಹಾರ್ಡ್ ಡಿಸ್ಕಿಗೆ ಹೆಸರಿರುವ ಚಿಪ್, 5 ಗಿಗಾಬಿಟ್, ಯುಎಎಸ್‌ಪಿ, ಬಿಗಿಯಾಗಿ ಕೂರುವ ಚಿಕ್ಕ ಕೇಬಲ್ ಇರುವ ಕೇಸ್ ಸಾಕು. ಎನ್‌ವಿಎಂಇಗೆ ಇದರ ಮೇಲೆ 10 ಗಿಗಾಬಿಟ್ ಮತ್ತು ಅಲ್ಯೂಮಿನಿಯಂ ಮೈ ಸೇರಿಸಿಕೊಳ್ಳಿ. ಆದರೆ ಎಷ್ಟು ಒಳ್ಳೆಯ ಕೇಸಾದರೂ ಒಂದೇ ಡಿಸ್ಕಿನ ಆಯಸ್ಸನ್ನು ಹೆಚ್ಚಿಸಲಾರದು. ಆದ್ದರಿಂದ ಕೇಸ್ ಮನೆಗೆ ಬಂದ ದಿನವೇ ಅದರೊಳಗಿನದನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಆ ಪ್ರತಿಯನ್ನು ಬೇರೊಂದು ಮನೆಯಲ್ಲಿ, ನಿಮ್ಮ ಅಕ್ಕನ ಬಳಿಯೋ ಅಣ್ಣನ ಬಳಿಯೋ ಇಡಿ.