ಕವಳಾ ಗುಹೆ: ನೀರು ಕೊರೆದ ಸುಣ್ಣದ ಕಲ್ಲು

ಯಾದಗಿರಿ, ಶಹಾಪುರ, ಸುರಪುರ ಭಾಗದ ನಮ್ಮ ಮನೆಗಳಲ್ಲಿ ನೆಲಕ್ಕೆ ಹಾಸಿರುವ ಶಹಾಬಾದಿ ಪರಸಿಯೂ ಸುಣ್ಣದ ಕಲ್ಲೇ. ಸುಣ್ಣದ ಕಲ್ಲು ಗುಹೆಯಾಗಿ ನಿಂತದ್ದನ್ನು ನೋಡಬೇಕೆಂದರೆ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ ಕಾಡಿನ ಕವಳಾ ಗುಹೆಗೆ ಹೋಗಬೇಕು.

ಬಾದಾಮಿಯ ನಾಲ್ಕನೆಯ ಗುಹೆ ಮತ್ತು ಐಹೊಳೆಯ ಜೈನ ಗುಹೆಯನ್ನು ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೊರೆದರು. ಕವಳಾ ಗುಹೆಯನ್ನು ಕೊರೆದದ್ದು ನೀರು. ಮಳೆನೀರು ಗಾಳಿ, ಮಣ್ಣಿನಿಂದ ಇಂಗಾಲಾಮ್ಲ ಹೀರಿಕೊಂಡು ಬಿರುಕುಗಳಲ್ಲಿ ಇಳಿಯುತ್ತ ಸುಣ್ಣವನ್ನು ಕರಗಿಸುತ್ತದೆ. ಒಳಗೆ ತೊಟ್ಟಿಕ್ಕುವಾಗ ಆ ಸುಣ್ಣವನ್ನು ಮತ್ತೆ ಬಿಟ್ಟು ಹೋಗುತ್ತದೆ. ಹೀಗೆ ನೆಲದಿಂದ ಬೆಳೆದ ಕಲ್ಲನ್ನೇ ಭಕ್ತರು ಸ್ವಯಂಭೂ ಶಿವಲಿಂಗವೆಂದು ಪೂಜಿಸುತ್ತಾರೆ. ಮಹಾಶಿವರಾತ್ರಿಗೆ ಜನ ಸೇರುತ್ತಾರೆ. ಇಂಥ ಕಲ್ಲು ಬೆರಳುದ್ದ ಬೆಳೆಯಲು ನೂರಾರು ವರ್ಷ ಬೇಕು. ಮುರಿಯಲು ಒಂದು ಕ್ಷಣ ಸಾಕು. ಕೈಯ ಜಿಡ್ಡು ತಾಗಿದರೂ ಬೆಳವಣಿಗೆ ಕೆಡುತ್ತದೆ.

ಗುಹೆಯ ಕತ್ತಲೆ ಬಾವಲಿಗಳ ಮನೆ. ಹೊರಗಿನ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಕಪ್ಪು ಚಿರತೆ, ಕಾಡುಕೋಣ, ಮಂಗಟ್ಟೆ ಹಕ್ಕಿಗಳಿಗೆ ಹೆಸರಾದ ಕಾಡು ಇದು. ಬಾವಲಿಯನ್ನು ಅಪಶಕುನವೆನ್ನುವವರಿದ್ದಾರೆ. ಆದರೆ ಕೀಟ ತಿನ್ನುವ ಬಾವಲಿಗಳು ರೈತನಿಗೆ ಉಪಕಾರಿ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಒಮ್ಮೆ ಕಡಿಮೆಯಾದರೆ ಸಂಖ್ಯೆ ಬೇಗ ಏರದು. ಹೊಗೆ, ಕೂಗಾಟ, ಮುಖಕ್ಕೆ ಬಿಡುವ ಟಾರ್ಚಿನ ಬೆಳಕಿಗೆ ಹೆದರಿ ಹಾರುವಾಗ ತಾಯಿಯಿಂದ ಮರಿ ಕೆಳಗೆ ಬಿದ್ದು ಸಾಯಬಹುದು.

ಆದ್ದರಿಂದ ಕುಟುಂಬ ಸಮೇತ ಹೋಗುವ ಬಂಧುಗಳು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಅನುಮತಿ ಪಡೆದೇ ಹೊರಡಬೇಕು. ಬುತ್ತಿಯ ಪ್ಲಾಸ್ಟಿಕ್ ಮರಳಿ ತರಬೇಕು. ಮಕ್ಕಳಿಗೆ ಮೌನವಾಗಿರಲು ಮೊದಲೇ ಹೇಳಿಡಬೇಕು. ಜೀವದಯೆ ಬಸದಿಯ ಹೊಸ್ತಿಲಿಗೆ ಮುಗಿಯುವುದಿಲ್ಲ. ಕತ್ತಲಲ್ಲಿ ತಲೆಕೆಳಗಾಗಿ ಮಲಗಿದ ಜೀವಕ್ಕೂ ಅದು ಸಲ್ಲಬೇಕು.