ಗುಸ್ತಾಫ್ ಲಿಯೊನ್‌ಹಾರ್ಟ್: ಬರೋಕ್ ಕೀಲಿಮಣೆ ವಾದಕ ಮತ್ತು ವೃಂದನಿರ್ದೇಶಕರ ಕಛೇರಿ ಜೀವನ

ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿ ಸುಮಾರು 1600ರಿಂದ 1750ರವರೆಗಿನ ಅವಧಿಯನ್ನು ಬರೋಕ್ ಯುಗವೆಂದು ಗುರುತಿಸಲಾಗುತ್ತದೆ. ಈ ಯುಗದ ಕೃತಿಗಳು ಸ್ವರಲಿಪಿಯ ರೂಪದಲ್ಲಿ ಹೇರಳವಾಗಿ ಉಳಿದುಬಂದಿವೆ. ಆದರೆ ಅವುಗಳನ್ನು ನುಡಿಸುತ್ತಿದ್ದ ಬಗೆ ಹಾಗೆ ಉಳಿದುಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ವೇಳೆಗೆ ವಾದ್ಯಗಳು ಬದಲಾಗಿದ್ದವು, ಶ್ರುತಿ ಏರಿತ್ತು, ಗುರುವಿನಿಂದ ಶಿಷ್ಯನಿಗೆ ಹರಿಯುತ್ತಿದ್ದ ವಾದನಪದ್ಧತಿಯ ಎಳೆ ಕಡಿದುಹೋಗಿತ್ತು. ಹೀಗೆ ಕಡಿದುಹೋದ ಎಳೆಯನ್ನು ಗ್ರಂಥಗಳು, ಹಸ್ತಪ್ರತಿಗಳು ಮತ್ತು ಹಳೆಯ ವಾದ್ಯಗಳ ಆಧಾರದಿಂದ ಮತ್ತೆ ಜೋಡಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಸಂಗೀತದ ಮುಖ್ಯ ಘಟನೆಗಳಲ್ಲಿ ಒಂದು. ಈ ಪ್ರಯತ್ನದಲ್ಲಿ ನೆದರ್ಲೆಂಡ್ಸ್‌ನ ಗುಸ್ತಾಫ್ ಲಿಯೊನ್‌ಹಾರ್ಟ್ (1928-2012) ಅವರ ಸ್ಥಾನ ವಿಶಿಷ್ಟವಾದುದು. ಹಾರ್ಪ್ಸಿಕಾರ್ಡ್ ಮತ್ತು ಆರ್ಗನ್ ವಾದಕರಾಗಿ, ವೃಂದನಿರ್ದೇಶಕರಾಗಿ, ಅಧ್ಯಾಪಕರಾಗಿ ಅವರು ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದರು. ಅವರ ವಾದನ, ನಿರ್ದೇಶನ ಮತ್ತು ಸಂಶೋಧನೆಗಳು ಒಂದೇ ಪ್ರಶ್ನೆಯಿಂದ ಹುಟ್ಟಿದವು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ವಾದ್ಯದ ಸ್ವರೂಪ ಮತ್ತು ಸಮಸ್ಯೆ

ಲಿಯೊನ್‌ಹಾರ್ಟ್ ಅವರ ಸಾಧನೆಯನ್ನು ಅರಿಯಲು ಹಾರ್ಪ್ಸಿಕಾರ್ಡಿನ ರಚನೆಯನ್ನು ತಿಳಿಯುವುದು ಅಗತ್ಯ. ಹೊರನೋಟಕ್ಕೆ ಇದು ಪಿಯಾನೋವನ್ನು ಹೋಲುತ್ತದೆ. ಆದರೆ ಪಿಯಾನೋದಲ್ಲಿ ಸಣ್ಣ ಸುತ್ತಿಗೆಯೊಂದು ತಂತಿಗೆ ಬಡಿದರೆ, ಹಾರ್ಪ್ಸಿಕಾರ್ಡಿನಲ್ಲಿ ಕೀಲಿಯನ್ನು ಒತ್ತಿದಾಗ ಮರದ ಪಟ್ಟಿಯೊಂದು ಮೇಲೆದ್ದು, ಅದಕ್ಕೆ ಸಿಕ್ಕಿಸಿದ ಹಕ್ಕಿಯ ಗರಿಯ ಮೊನೆ ತಂತಿಯನ್ನು ಮೀಟುತ್ತದೆ. ವೀಣೆಯಲ್ಲಿ ವಾದಕನ ಬೆರಳೇ ತಂತಿಯನ್ನು ಮೀಟುವುದರಿಂದ ಮೀಟಿನ ಬಲವನ್ನು ಹೆಚ್ಚು ಕಡಿಮೆ ಮಾಡಿ ನಾದವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಹಾರ್ಪ್ಸಿಕಾರ್ಡಿನಲ್ಲಿ ಬೆರಳಿಗೂ ತಂತಿಗೂ ನಡುವೆ ಯಂತ್ರವಿದೆ. ಕೀಲಿಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಧ್ವನಿಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಈ ಮಿತಿ ಬರೋಕ್ ಕಾಲದವರಿಗೆ ತಿಳಿಯದ್ದೇನಲ್ಲ. ಫ್ರಾನ್ಸಿನ ಫ್ರಾಂಸ್ವಾ ಕೂಪರಾಂ 1716ರಲ್ಲಿ ಪ್ರಕಟಿಸಿದ ಹಾರ್ಪ್ಸಿಕಾರ್ಡ್ ವಾದನದ ಕೈಪಿಡಿಯಲ್ಲಿ ಇದಕ್ಕೊಂದು ಪರಿಹಾರವನ್ನು ಸೂಚಿಸಿದ್ದಾನೆ. ಒಂದು ಸ್ವರವನ್ನು ಅದರ ಕಾಲಾವಧಿ ಮುಗಿಯುವ ಮುನ್ನವೇ ನಿಲ್ಲಿಸುವುದು ಅಥವಾ ಬರಬೇಕಾದ ಸ್ವರವನ್ನು ಕ್ಷಣಮಾತ್ರ ತಡೆಹಿಡಿಯುವುದು, ಇವೆರಡರಿಂದ ವಾದ್ಯಕ್ಕೆ ಜೀವ ತುಂಬಬಹುದು ಎಂಬುದು ಅವನ ಅಭಿಪ್ರಾಯ. ಅಂದರೆ ಬಲದಿಂದ ಸಾಧಿಸಲಾಗದ್ದನ್ನು ಕಾಲದಿಂದ ಸಾಧಿಸಬೇಕು. ಲಿಯೊನ್‌ಹಾರ್ಟ್ ಅವರ ವಾದನದ ತಿರುಳು ಈ ತತ್ತ್ವದಲ್ಲಿಯೇ ಇದೆ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹಾರ್ಪ್ಸಿಕಾರ್ಡನ್ನು ಕಛೇರಿಯ ವೇದಿಕೆಗೆ ಮರಳಿ ತಂದವರಲ್ಲಿ ವಾಂಡಾ ಲಾಂಡೊವ್ಸ್ಕಾ (1879-1959) ಪ್ರಮುಖರು. ಆದರೆ ಅವರು ಬಳಸಿದ್ದು ಪ್ಯಾರಿಸ್ಸಿನ ಪ್ಲೆಯೆಲ್ ಸಂಸ್ಥೆ ಪಿಯಾನೋ ತಯಾರಿಕೆಯ ಅನುಭವದಿಂದ ರೂಪಿಸಿದ ಭಾರವಾದ ವಾದ್ಯ. ಅದರ ಕಾಲುಮೆಟ್ಟುಗಳ ಸಹಾಯದಿಂದ ನಾದದ ಬಣ್ಣವನ್ನು ಮತ್ತೆ ಮತ್ತೆ ಬದಲಾಯಿಸಬಹುದಾಗಿತ್ತು. ಹಳೆಯ ವಾದ್ಯದ ಕೊರತೆಯನ್ನು ಹೊಸ ಯಂತ್ರದಿಂದ ತುಂಬಿಕೊಳ್ಳುವ ಮಾರ್ಗ ಅದು. ಲಿಯೊನ್‌ಹಾರ್ಟ್ ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ.

ಬಾಲ್ಯ ಮತ್ತು ಶಿಕ್ಷಣ

ಲಿಯೊನ್‌ಹಾರ್ಟ್ ಜನಿಸಿದ್ದು 1928ರ ಮೇ 30ರಂದು, ಆಮ್‌ಸ್ಟರ್‌ಡ್ಯಾಮಿಗೆ ಸಮೀಪದ ಸ್‌ಗ್ರಾವೆಲಾಂಡ್ ಎಂಬ ಊರಿನಲ್ಲಿ. ಮನೆಮಂದಿ ಕೂಡಿ ಸಂಗೀತ ನುಡಿಸುವ ವಾಡಿಕೆಯಿದ್ದ ಆ ಕುಟುಂಬದಲ್ಲಿ ಒಂದು ಹಾರ್ಪ್ಸಿಕಾರ್ಡ್ ಇತ್ತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ ಹದಿನಾರರ ಹುಡುಗನಾಗಿದ್ದ ಅವರು ಜರ್ಮನ್ ಆಕ್ರಮಣಕಾರರ ಕಣ್ಣಿಗೆ ಬೀಳದಂತೆ ಮನೆಯಲ್ಲಿ ಅಡಗಿರಬೇಕಾಯಿತು. ಶಾಲೆಯಿಲ್ಲದ, ವಿದ್ಯುತ್ತಿಲ್ಲದ ಆ ದಿನಗಳಲ್ಲಿ ಹಾರ್ಪ್ಸಿಕಾರ್ಡಿಗೆ ಶ್ರುತಿ ಕೂಡಿಸಿ ನುಡಿಸುತ್ತ ತಾವು ಬಾಖ್‌ನ ಸಂಗೀತದಲ್ಲಿ ಮುಳುಗಿದುದನ್ನು ಅವರು ಮುಂದೆ ನೆನೆದಿದ್ದಾರೆ.

1947ರಿಂದ 1950ರವರೆಗೆ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಕೋಲಾ ಕಾಂಟೋರುಮ್‌ನಲ್ಲಿ ಎಡುಆರ್ಡ್ ಮ್ಯುಲರ್ ಅವರಲ್ಲಿ ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್ ಅಭ್ಯಾಸ ಮಾಡಿದರು. ಪ್ರಾಚೀನ ಸಂಗೀತದ ಅಧ್ಯಯನಕ್ಕೆಂದೇ 1933ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ವಾದನ ಮತ್ತು ಸಂಶೋಧನೆ ಬೇರೆ ಬೇರೆಯಾಗಿರಲಿಲ್ಲ. ಬಳಿಕ ವಿಯೆನ್ನಾಕ್ಕೆ ತೆರಳಿದ ಅವರು ಅಲ್ಲಿನ ಗ್ರಂಥಾಲಯದಲ್ಲಿ ಕುಳಿತು ಹಳೆಯ ಸ್ವರಲಿಪಿಗಳನ್ನೂ ಸಂಗೀತಶಾಸ್ತ್ರದ ಗ್ರಂಥಗಳನ್ನೂ ಕೈಯಾರೆ ನಕಲು ಮಾಡಿಕೊಂಡರು. ಮುಂದಿನ ಕಛೇರಿ ಜೀವನಕ್ಕೆ ಈ ನಕಲುಗಳೇ ಮೂಲ ಬಂಡವಾಳವಾದವು.

ಮೊದಲ ಕಛೇರಿ: ಒಂದು ವಾದದ ಮಂಡನೆ

1950ರಲ್ಲಿ ವಿಯೆನ್ನಾದಲ್ಲಿ ನಡೆದ ತಮ್ಮ ಮೊದಲ ಸಾರ್ವಜನಿಕ ಕಛೇರಿಗೆ ಲಿಯೊನ್‌ಹಾರ್ಟ್ ಆರಿಸಿಕೊಂಡದ್ದು ಬಾಖ್‌ನ 'ಆರ್ಟ್ ಆಫ್ ಫ್ಯೂಗ್' ಕೃತಿಯನ್ನು. ಒಂದೇ ಮೂಲಸ್ವರಪಂಕ್ತಿಯನ್ನು ಹಲವು ಧ್ವನಿಗಳಲ್ಲಿ ಹೆಣೆಯುತ್ತ ಹೋಗುವ ಈ ಕೃತಿಗೆ ಯಾವ ವಾದ್ಯವೆಂದು ಬಾಖ್ ಸೂಚಿಸಿಲ್ಲ. ಪ್ರತಿಯೊಂದು ಧ್ವನಿಯನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆದಿರುವುದರಿಂದ ಇದು ವಾದ್ಯವೃಂದಕ್ಕಾಗಿ ರಚಿತವಾದುದೆಂದೂ, ನುಡಿಸುವುದಕ್ಕಲ್ಲದೆ ಕೇವಲ ಚಿಂತನೆಗಾಗಿ ಬರೆದುದೆಂದೂ ಹಲವರು ಭಾವಿಸಿದ್ದರು. 1952ರಲ್ಲಿ ಪ್ರಕಟಿಸಿದ ಕಿರುಗ್ರಂಥದಲ್ಲಿ ಲಿಯೊನ್‌ಹಾರ್ಟ್ ಇದು ಹಾರ್ಪ್ಸಿಕಾರ್ಡಿಗಾಗಿಯೇ ಬರೆದ ಕೃತಿಯೆಂದು ವಾದಿಸಿದರು. ಬಹುಧ್ವನಿಯ ಕೀಲಿಮಣೆ ಕೃತಿಗಳನ್ನು ಪ್ರತ್ಯೇಕ ಸಾಲುಗಳಲ್ಲಿ ಬರೆಯುವುದು ಹಿಂದಿನಿಂದ ಬಂದ ರೂಢಿ. ಅಷ್ಟೊಂದು ಸಂಕೀರ್ಣವಾದ ಹೆಣಿಗೆಯಿದ್ದರೂ ಅದು ಒಬ್ಬ ವಾದಕನ ಎರಡು ಕೈಗಳಿಗೆ ಎಟಕುವಂತಿರುವುದು ಆಕಸ್ಮಿಕವಾಗಿರಲಾರದು ಎಂಬವು ಅವರು ನೀಡಿದ ಮುಖ್ಯ ಕಾರಣಗಳು. ಕೊನೆಯ ಅಪೂರ್ಣ ಫ್ಯೂಗ್ ಈ ಕೃತಿಗೆ ಸೇರಿದುದಲ್ಲವೆಂಬ ಅವರ ಅಭಿಪ್ರಾಯವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಕೃತಿ ಕೀಲಿಮಣೆಗೆ ಸೇರಿದುದೆಂಬ ವಾದಕ್ಕೆ ಇಂದು ವ್ಯಾಪಕ ಮನ್ನಣೆಯಿದೆ. ಒಬ್ಬ ತರುಣ ವಾದಕ ತನ್ನ ಸಂಶೋಧನೆಯ ನಿಲುವನ್ನು ಮೊದಲು ವೇದಿಕೆಯ ಮೇಲೆ ನುಡಿಸಿ, ಅನಂತರ ಬರಹದಲ್ಲಿ ಮಂಡಿಸಿದ್ದು ಇಲ್ಲಿ ಗಮನಾರ್ಹ.

ವಾದನಶೈಲಿ

1952ರಿಂದ 1955ರವರೆಗೆ ವಿಯೆನ್ನಾದ ಸಂಗೀತ ಅಕಾಡೆಮಿಯಲ್ಲಿಯೂ 1954ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಆಮ್‌ಸ್ಟರ್‌ಡ್ಯಾಮಿನ ಸಂಗೀತ ವಿದ್ಯಾಲಯದಲ್ಲಿಯೂ ಲಿಯೊನ್‌ಹಾರ್ಟ್ ಬೋಧಿಸಿದರು. ಇದರೊಂದಿಗೆ ಆಮ್‌ಸ್ಟರ್‌ಡ್ಯಾಮಿನ ವಾಲ್ಸೆ ಕೆರ್ಕ್ ಚರ್ಚಿನಲ್ಲಿ, ಬಳಿಕ ನ್ಯೂವೆ ಕೆರ್ಕ್‌ನಲ್ಲಿ ಆರ್ಗನ್ ವಾದಕರಾಗಿದ್ದರು. ವಾಲ್ಸೆ ಕೆರ್ಕ್‌ನ ಆರ್ಗನ್ 1734ರಲ್ಲಿ ಕ್ರಿಸ್ಟಿಯಾನ್ ಮ್ಯುಲರ್ ನಿರ್ಮಿಸಿದ್ದು. ಆರ್ಗನ್‌ನಲ್ಲಿಯೂ ಬೆರಳಿನ ಬಲದಿಂದ ನಾದ ಏರಿಳಿಯುವುದಿಲ್ಲ ಎಂಬುದು ಇಲ್ಲಿ ನೆನೆಯತಕ್ಕದ್ದು. ಅವರ ಎರಡೂ ವಾದ್ಯಗಳು ಒಂದೇ ಶಿಸ್ತನ್ನು ಬೇಡುತ್ತಿದ್ದವು.

ಈ ಶಿಸ್ತಿನಿಂದ ರೂಪುಗೊಂಡ ಶೈಲಿಯನ್ನು ಹೀಗೆ ವಿವರಿಸಬಹುದು. ಮುಖ್ಯವಾದ ಸ್ವರಕ್ಕೆ ಮುನ್ನ ಅತ್ಯಲ್ಪವಾದ ಮೌನವನ್ನು ಬಿಟ್ಟರೆ ಕಿವಿಗೆ ಆ ಸ್ವರ ಬಲವಾಗಿ ಕೇಳಿಸುತ್ತದೆ. ಒಂದು ಸ್ವರದ ಕೀಲಿಯನ್ನು ಬಿಡುವ ಮುನ್ನವೇ ಮುಂದಿನ ಕೀಲಿಯನ್ನು ಒತ್ತಿದರೆ ಎರಡು ನಾದಗಳು ಬೆರೆತು ಮಾರ್ದವ ಉಂಟಾಗುತ್ತದೆ. ಸ್ವರಮೇಳದ ಸ್ವರಗಳನ್ನು ಒಟ್ಟಿಗೆ ನುಡಿಸದೆ ಒಂದರ ಹಿಂದೊಂದರಂತೆ ಬಿಡಿಸಿದರೆ ಅದರ ಗಡಸುತನ ತಗ್ಗುತ್ತದೆ. ಈ ಉಪಾಯಗಳಿಂದ, ಬಲದಲ್ಲಿ ಸಮನಾಗಿರುವ ಸ್ವರಗಳ ನಡುವೆ ಮಾತಿನಲ್ಲಿರುವಂಥ ಏರಿಳಿತ ಕಾಣಿಸಿಕೊಳ್ಳುತ್ತದೆ. ಲೂಯಿ ಕೂಪರಾಂನ ಪ್ರಸ್ತಾವನೆಗಳಂತಹ ಕೃತಿಗಳಲ್ಲಿ ತಾಳವಿಭಾಗದ ಗೆರೆಗಳಾಗಲಿ ಸ್ವರಗಳ ಕಾಲಪ್ರಮಾಣವಾಗಲಿ ಬರೆದಿರುವುದಿಲ್ಲ. ಕಾಲದ ಹಂಚಿಕೆಯ ಪೂರ್ಣ ಹೊಣೆ ವಾದಕನದು. ಇಂಥ ಕೃತಿಗಳನ್ನೂ ಫ್ರೋಬರ್ಗರ್, ಫ್ರೆಸ್ಕೊಬಾಲ್ಡಿ, ಸ್ವೇಲಿಂಕ್ ಮೊದಲಾದವರ ರಚನೆಗಳನ್ನೂ ಲಿಯೊನ್‌ಹಾರ್ಟ್ ತಮ್ಮ ಕಛೇರಿಗಳಲ್ಲಿ ಬಾಖ್‌ನ ಕೃತಿಗಳಿಗೆ ಸಮನಾಗಿ ಇರಿಸಿದರು.

ಈ ಶೈಲಿಗೆ ತಕ್ಕ ವಾದ್ಯವೂ ಬೇಕಾಗಿತ್ತು. ಜರ್ಮನಿಯ ಬ್ರೆಮೆನ್ ನಗರದ ಮಾರ್ಟಿನ್ ಸ್ಕೋವ್ರೊನೆಕ್ 1962ರಲ್ಲಿ, ಆಂಟ್‌ವರ್ಪಿನ ಡುಲ್ಕನ್ 1745ರಲ್ಲಿ ತಯಾರಿಸಿದ ವಾದ್ಯದ ಮಾದರಿಯಲ್ಲಿ ಅವರಿಗೊಂದು ಹಾರ್ಪ್ಸಿಕಾರ್ಡ್ ನಿರ್ಮಿಸಿಕೊಟ್ಟರು. ಲಿಯೊನ್‌ಹಾರ್ಟ್ ಅವರ ಧ್ವನಿಮುದ್ರಿಕೆಗಳ ಮೂಲಕ ಇದರ ನಾದ ಪ್ರಸಿದ್ಧವಾಗಿ, ಪ್ಲೆಯೆಲ್ ಮಾದರಿಯ ಭಾರವಾದ ವಾದ್ಯಗಳು ಕ್ರಮೇಣ ಹಿಂದೆ ಸರಿಯಲು ನೆರವಾಯಿತು.

ಕೀಲಿಮಣೆಯಿಂದ ವೃಂದನಿರ್ದೇಶನಕ್ಕೆ

ಬರೋಕ್ ಕಾಲದಲ್ಲಿ ದಂಡ ಹಿಡಿದು ಎದುರು ನಿಲ್ಲುವ ಇಂದಿನ ಬಗೆಯ ವೃಂದನಿರ್ದೇಶಕನ ವೃತ್ತಿ ಇನ್ನೂ ರೂಪುಗೊಂಡಿರಲಿಲ್ಲ. ಅನೇಕ ಕಡೆ ವೃಂದವನ್ನು ನಡೆಸುತ್ತಿದ್ದವನು ಕೀಲಿಮಣೆ ವಾದಕ. ರಚನೆಕಾರ ಮಂದ್ರದ ಸ್ವರಪಂಕ್ತಿಯನ್ನೂ ಅದರ ಜೊತೆಗೆ ಕೆಲವು ಅಂಕಿಗಳನ್ನೂ ಮಾತ್ರ ಬರೆದಿರುತ್ತಿದ್ದ. ಅದಕ್ಕೆ ಹೊಂದುವ ಸ್ವರಮೇಳಗಳನ್ನು ವಾದಕ ಸ್ಥಳದಲ್ಲಿಯೇ ಕಟ್ಟಿ ನುಡಿಸಬೇಕಾಗಿತ್ತು. 'ಬಾಸೊ ಕಂಟಿನ್ಯೂವೊ' ಎಂಬ ಈ ಪದ್ಧತಿಯೇ ಇಡೀ ವೃಂದದ ಬೆನ್ನೆಲುಬು. ಲಿಯೊನ್‌ಹಾರ್ಟ್ ನಿರ್ದೇಶನಕ್ಕೆ ಬಂದದ್ದು ಈ ದಾರಿಯಿಂದ. 1950ರ ದಶಕದ ಮಧ್ಯಭಾಗದಲ್ಲಿ, ಪಿಟೀಲು ವಾದಕಿಯಾದ ಪತ್ನಿ ಮಾರಿ ಅವರನ್ನೂ ಒಳಗೊಂಡ 'ಲಿಯೊನ್‌ಹಾರ್ಟ್ ಕನ್ಸಾರ್ಟ್' ಎಂಬ ಕಿರುವೃಂದವನ್ನು ಅವರು ಕಟ್ಟಿದರು. ಸ್ವರಗಳ ನಡುವಿನ ಮೌನ, ಬಲಾಬಲಗಳ ಮಾತಿನಂಥ ನಡೆ, ಅಬ್ಬರವಿಲ್ಲದ ಸ್ಪಷ್ಟತೆ ಎಂಬ ಅವರ ವಾದನದ ಗುಣಗಳೇ ಈ ವೃಂದದಲ್ಲಿಯೂ ಕಾಣಿಸಿಕೊಂಡವು.

1968ರಲ್ಲಿ ತೆರೆಗೆ ಬಂದ, ಜಾನ್-ಮಾರಿ ಸ್ಟ್ರೌಬ್ ಮತ್ತು ಡಾನಿಯೆಲ್ ಯುಯೆ ನಿರ್ದೇಶನದ 'ಕ್ರಾನಿಕ್ ಡೇರ್ ಆನಾ ಮಾಗ್ಡಲೇನಾ ಬಾಖ್' ಚಲನಚಿತ್ರದಲ್ಲಿ ಲಿಯೊನ್‌ಹಾರ್ಟ್ ಬಾಖ್‌ನ ಪಾತ್ರ ವಹಿಸಿದರು. ಸಂಗೀತವನ್ನು ಅನಂತರ ಜೋಡಿಸದೆ ಕ್ಯಾಮೆರಾದ ಎದುರಿನಲ್ಲಿಯೇ ನುಡಿಸಿ ದಾಖಲಿಸಿದ್ದು ಈ ಚಿತ್ರದ ವೈಶಿಷ್ಟ್ಯ. ಇಲ್ಲಿ ಅಭಿನಯವೆಂದರೆ ವಾದನವೇ.

1971ರಿಂದ 1990ರವರೆಗೆ ನಡೆದ ಬಾಖ್‌ನ ಧಾರ್ಮಿಕ ಕಾಂಟಾಟಾಗಳ ಸಮಗ್ರ ಧ್ವನಿಮುದ್ರಣ ಅವರ ನಿರ್ದೇಶನದ ಅತ್ಯಂತ ದೊಡ್ಡ ಕಾರ್ಯ. ಸುಮಾರು ಇನ್ನೂರು ಕೃತಿಗಳ ಈ ಯೋಜನೆಯನ್ನು ಅವರು ಆಸ್ಟ್ರಿಯಾದ ನಿಕೋಲಾಸ್ ಹಾರ್ನನ್‌ಕೋರ್ಟ್ ಅವರೊಂದಿಗೆ ಹಂಚಿಕೊಂಡರು. ಬಾಖ್‌ನ ಕಾಲದ ಬಗೆಯ ವಾದ್ಯಗಳು, ಇಂದಿನದಕ್ಕಿಂತ ಸುಮಾರು ಅರ್ಧ ಸ್ವರ ತಗ್ಗಿನ ಶ್ರುತಿ, ಸ್ತ್ರೀಕಂಠದ ಬದಲು ಬಾಲಕರ ಕಂಠ ಇದರ ಲಕ್ಷಣಗಳು. ಲೈಪ್ಜಿಗ್ಗಿನ ಚರ್ಚುಗಳಲ್ಲಿ ಬಾಖ್ ಬಳಸಿದ್ದು ಬಾಲಕರನ್ನು ಎಂಬುದು ಇದಕ್ಕೆ ಆಧಾರ. ಹಾರ್ನನ್‌ಕೋರ್ಟ್ ಅವರ ನಿರ್ದೇಶನದಲ್ಲಿ ನಾಟಕೀಯತೆ ಎದ್ದು ಕಂಡರೆ ಲಿಯೊನ್‌ಹಾರ್ಟ್ ಅವರದರಲ್ಲಿ ಸಂಯಮ ಪ್ರಧಾನ. ಎಳೆಯ ಕಂಠಗಳ ಅಸಮತೆ, ಹಳೆಯ ಬಗೆಯ ಊದುವಾದ್ಯಗಳ ಎಡವುವಿಕೆ ಟೀಕೆಗೆ ಗುರಿಯಾದವು. ಆದರೂ ಮುಂದೆ ಇದೇ ಕೃತಿಗಳನ್ನು ಕೈಗೆತ್ತಿಕೊಂಡವರೆಲ್ಲ ಈ ಮೇಲ್ಪಂಕ್ತಿಯನ್ನು ಎದುರಿಸಿಯೇ ಮುಂದುವರಿಯಬೇಕಾಯಿತು. 1980ರಲ್ಲಿ ಇಬ್ಬರಿಗೂ ಜಂಟಿಯಾಗಿ ಎರಾಸ್ಮಸ್ ಪ್ರಶಸ್ತಿ ದೊರೆಯಿತು.

ಪ್ರಾಮಾಣ್ಯದ ಪ್ರಶ್ನೆ

ಹಳೆಯ ವಾದ್ಯ, ಹಳೆಯ ಶ್ರುತಿಗಳಿದ್ದ ಮಾತ್ರಕ್ಕೆ ವಾದನ ಪ್ರಾಮಾಣಿಕವಾಗುವುದೇ? ಪ್ರಾಮಾಣ್ಯವನ್ನೇ ಗುರಿಯಾಗಿಸಿಕೊಂಡ ವಾದನ ಕೇಳುಗರಿಗೆ ಮನದಟ್ಟಾಗಲಾರದು. ಮನದಟ್ಟಾಗುವಂತೆ ನುಡಿಸಿದಾಗ ಪ್ರಾಮಾಣ್ಯದ ಅನುಭವ ತಾನಾಗಿ ಒದಗುತ್ತದೆ ಎಂಬುದು ಲಿಯೊನ್‌ಹಾರ್ಟ್ ಅವರ ನಿಲುವು. ಆಧಾರಗಳ ಶೋಧದಲ್ಲಿಯೇ ಜೀವ ಸವೆಸಿದವರು ಹೀಗೆ ಹೇಳಿದ್ದಕ್ಕೆ ವಿಶೇಷ ತೂಕವಿದೆ.

ಈ ನಿಲುವಿನ ಸಂಕೀರ್ಣತೆಯನ್ನು ಒಂದು ಪ್ರಸಂಗ ಬಯಲಿಗೆ ತರುತ್ತದೆ. 1755ರಲ್ಲಿ ಫ್ರಾನ್ಸಿನ ರುಆಂ ನಗರದ ನಿಕೊಲಾ ಲೆಫೆಬ್ರ್ ತಯಾರಿಸಿದ್ದೆಂದು ಪರಿಚಿತವಾಗಿದ್ದ, ಲಿಯೊನ್‌ಹಾರ್ಟ್ ನುಡಿಸುತ್ತಿದ್ದ ಹಾರ್ಪ್ಸಿಕಾರ್ಡ್ ವಾಸ್ತವವಾಗಿ 1980ರ ದಶಕದಲ್ಲಿ ಸ್ಕೋವ್ರೊನೆಕ್ ನಿರ್ಮಿಸಿದುದು. ನಿರ್ಮಾಪಕರೇ 2002ರಲ್ಲಿ ವಿದ್ವತ್ ಪತ್ರಿಕೆಯೊಂದರಲ್ಲಿ ಇದನ್ನು ಬಹಿರಂಗಪಡಿಸಿ, ವಂಚನೆ ತಮ್ಮ ಉದ್ದೇಶವಾಗಿರಲಿಲ್ಲವೆಂದು ವಿವರಿಸಿದರು. ಅದರ ನಾದವನ್ನು ಹದಿನೆಂಟನೆಯ ಶತಮಾನದ್ದೆಂದೇ ನಂಬಿ ಮೆಚ್ಚಿದವರ ಪಾಲಿಗೆ ಇದು ಕಹಿಯಾದ ಸಂಗತಿ. ಆಧುನಿಕ ಕುಶಲಕರ್ಮಿ ಹಳೆಯವರಿಗೆ ಸರಿಸಮನಾಗಬಲ್ಲನೆಂಬುದಕ್ಕೆ ಇದು ಸಾಕ್ಷಿಯಾದರೂ, ದಾಖಲೆಯ ಶುದ್ಧಿಯನ್ನೇ ನೆಚ್ಚಿದ ಕ್ಷೇತ್ರದಲ್ಲಿ ತಪ್ಪು ದಾಖಲೆಯೊಂದು ವರ್ಷಗಟ್ಟಲೆ ಉಳಿದುದನ್ನು ಲಘುವಾಗಿ ಕಾಣುವಂತಿಲ್ಲ. ನಾದದ ಗುಣ ಮತ್ತು ದಾಖಲೆಯ ಸತ್ಯ ಎರಡು ಬೇರೆ ಮೌಲ್ಯಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉಪಸಂಹಾರ

ಟಾನ್ ಕೂಪ್‌ಮನ್, ಬಾಬ್ ಫಾನ್ ಆಸ್ಪೆರೆನ್, ಕ್ರಿಸ್ಟೊಫರ್ ಹಾಗ್‌ವುಡ್, ಪಿಯೆರ್ ಆಂತಾಯ್ ಮೊದಲಾದ ಶಿಷ್ಯರ ಮೂಲಕ ಲಿಯೊನ್‌ಹಾರ್ಟ್ ಅವರ ಪ್ರಭಾವ ಯುರೋಪಿನಾದ್ಯಂತ ಹಬ್ಬಿತು. ಇವರಲ್ಲಿ ಕೂಪ್‌ಮನ್ ಮತ್ತು ಹಾಗ್‌ವುಡ್ ಗುರುವಿನಂತೆಯೇ ಕೀಲಿಮಣೆಯಿಂದ ವೃಂದನಿರ್ದೇಶನಕ್ಕೆ ಸಾಗಿದವರು. ಶಿಷ್ಯರ ಶೈಲಿಗಳು ಪರಸ್ಪರ ಭಿನ್ನವಾಗಿರುವುದು ಆ ಬೋಧನೆ ಅನುಕರಣೆಯನ್ನು ಬೇಡಲಿಲ್ಲವೆಂಬುದನ್ನು ತೋರಿಸುತ್ತದೆ.

ಲಿಯೊನ್‌ಹಾರ್ಟ್ ಕೊನೆಯ ಬಾರಿಗೆ ಸಾರ್ವಜನಿಕವಾಗಿ ನುಡಿಸಿದ್ದು 2011ರ ಡಿಸೆಂಬರ್ 12ರಂದು, ಪ್ಯಾರಿಸ್ಸಿನ ಬೂಫ್ ದ್ಯು ನೋರ್ ರಂಗಮಂದಿರದಲ್ಲಿ. ಅನಾರೋಗ್ಯದ ಕಾರಣ ಮುಂದಿನ ಕಛೇರಿಗಳನ್ನೆಲ್ಲ ಕೈಬಿಟ್ಟ ಅವರು 2012ರ ಜನವರಿ 16ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ನಿಧನರಾದರು. ಕಡಿದುಹೋದ ಪರಂಪರೆಯನ್ನು ಹಾಗೆ ಹಾಗೆಯೇ ಮರಳಿ ಪಡೆಯಲಾಗದು. ಉಳಿದ ಆಧಾರಗಳನ್ನು ಶ್ರದ್ಧೆಯಿಂದ ಓದಿ, ಅವು ಮುಗಿಯುವಲ್ಲಿ ತನ್ನ ವಿವೇಕದ ಹೊಣೆಯನ್ನು ತಾನೇ ಹೊತ್ತು ನುಡಿಸಬೇಕಾಗುತ್ತದೆ. ಬಲವನ್ನು ಹೆಚ್ಚಿಸಲಾಗದ ವಾದ್ಯದಲ್ಲಿ ಕಾಲವನ್ನು ಅರಿತು ಅರ್ಥ ಹೊಮ್ಮಿಸಿದ ಈ ಕಲಾವಿದರ ಕಛೇರಿ ಜೀವನದಿಂದ ಸಂಗೀತ ಸಂಶೋಧಕರು ಪಡೆಯಬಹುದಾದ ತಿಳಿವು ಇದು.