ಪೆಪ್ಟೈಡ್ ಔಷಧಗಳು

ಪೆಪ್ಟೈಡ್ ಔಷಧಗಳು ಅಮೈನೋ ಆಮ್ಲಗಳ ಕಿರುಸರಪಳಿಗಳಿಂದಾದ ಔಷಧಗಳು. ಮಧುಮೇಹಕ್ಕೆ ಬಳಸುವ ಇನ್ಸುಲಿನ್ (51 ಅಮೈನೋ ಆಮ್ಲಗಳು) ಮತ್ತು ಹೆರಿಗೆಯ ಸಮಯದಲ್ಲಿ ನೀಡುವ ಆಕ್ಸಿಟೋಸಿನ್ (9 ಅಮೈನೋ ಆಮ್ಲಗಳು) ಇವುಗಳಲ್ಲಿ ಪ್ರಮುಖವಾದವು. ದೇಹದಲ್ಲಿನ ಕಿಣ್ವಗಳು ಇವುಗಳನ್ನು ಬೇಗನೆ ಒಡೆಯುವುದರಿಂದ ಹೆಚ್ಚಿನವನ್ನು ಚುಚ್ಚುಮದ್ದಿನ ರೂಪದಲ್ಲಿ ನೀಡಲಾಗುತ್ತದೆ.

ಇತಿಹಾಸ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಅನ್ನು ಬೇರ್ಪಡಿಸಲಾಯಿತು. ಹಲವು ದಶಕಗಳ ಕಾಲ ಅದನ್ನು ದನ ಮತ್ತು ಹಂದಿಗಳ ಮೇದೋಜ್ಜೀರಕ ಗ್ರಂಥಿಯಿಂದ ಪಡೆಯಲಾಗುತ್ತಿತ್ತು. 1982ರಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ತಯಾರಿಕೆ

ತಯಾರಿಕೆಯಲ್ಲಿ ಎರಡು ಮುಖ್ಯ ವಿಧಾನಗಳಿವೆ.

* ಘನ ಆಧಾರದ ಸಂಶ್ಲೇಷಣೆ: ಇದನ್ನು ರಾಬರ್ಟ್ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದರು, ಇದಕ್ಕಾಗಿ ಅವರಿಗೆ 1984ರ ನೊಬೆಲ್ ಪ್ರಶಸ್ತಿ ದೊರೆಯಿತು. ರಾಳದ ಸೂಕ್ಷ್ಮ ಮಣಿಗಳಿಗೆ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಜೋಡಿಸಿ, ಪ್ರತಿ ಹಂತದಲ್ಲೂ ದ್ರಾವಕದಿಂದ ತೊಳೆಯಲಾಗುತ್ತದೆ. ಪ್ರತಿ ಹಂತವು ಶೇ. 99ರಷ್ಟು ಯಶಸ್ವಿಯಾದರೂ 30 ಹಂತಗಳ ನಂತರ ಸರಿಯಾದ ಸರಪಳಿಗಳು ಸುಮಾರು ಶೇ. 74 ಮಾತ್ರ ಉಳಿಯುತ್ತವೆ. ಆದ್ದರಿಂದ ಶುದ್ಧೀಕರಣದ ವೆಚ್ಚವೂ ದ್ರಾವಕದ ತ್ಯಾಜ್ಯವೂ ಹೆಚ್ಚು.
* ಪುನಸ್ಸಂಯೋಜಿತ ವಿಧಾನ: ಬೇಕಾದ ಜೀನ್ ಅನ್ನು ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ಗೆ ಸೇರಿಸಿ, ಅವುಗಳಿಂದಲೇ ಪೆಪ್ಟೈಡ್ ಅನ್ನು ಉತ್ಪಾದಿಸಲಾಗುತ್ತದೆ.

ಇತ್ತೀಚಿನ ಬೆಳವಣಿಗೆಗಳು

ಊಟದ ನಂತರ ಕರುಳಿನಲ್ಲಿ ಸ್ರವಿಸುವ ಜಿಎಲ್‌ಪಿ-1 ಹಾರ್ಮೋನು ಇನ್ಸುಲಿನ್ ಸ್ರವಿಕೆಯನ್ನು ಪ್ರಚೋದಿಸುತ್ತದೆ. ಆದರೆ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಇದನ್ನು ಹೋಲುವ ಲಿರಾಗ್ಲುಟೈಡ್‌ಗೆ ಕೊಬ್ಬಿನಾಮ್ಲವನ್ನು ಜೋಡಿಸಲಾಗಿದೆ. ಅದು ರಕ್ತದ ಆಲ್ಬುಮಿನ್‌ಗೆ ಅಂಟಿಕೊಳ್ಳುವುದರಿಂದ ದಿನಕ್ಕೊಂದು ಚುಚ್ಚುಮದ್ದು ಸಾಕಾಗುತ್ತದೆ. ಸೆಮಾಗ್ಲುಟೈಡ್‌ನಲ್ಲಿ ಇದರ ಜೊತೆಗೆ ಅಮೈನೋಐಸೋಬ್ಯುಟಿರಿಕ್ ಆಮ್ಲವೂ ಇರುವುದರಿಂದ ಕಿಣ್ವಗಳು ಅದನ್ನು ಸುಲಭವಾಗಿ ಒಡೆಯಲಾರವು. ಅದನ್ನು ವಾರಕ್ಕೊಮ್ಮೆ ನೀಡಿದರೆ ಸಾಕು. 2019ರಲ್ಲಿ ಅದರ ಮಾತ್ರೆಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಕರ್ನಾಟಕದಲ್ಲಿ

ಅಮೈನೋಐಸೋಬ್ಯುಟಿರಿಕ್ ಆಮ್ಲವು ಪೆಪ್ಟೈಡ್ ಸರಪಳಿಗೆ ಸುರುಳಿಯ ಆಕಾರ ನೀಡುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಮತ್ತು ಸಹೋದ್ಯೋಗಿಗಳು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಬಯೋಕಾನ್ ಸಂಸ್ಥೆಯು 2004ರಲ್ಲಿ ಪಿಚಿಯಾ ಯೀಸ್ಟ್ ಬಳಸಿ ತಯಾರಿಸಿದ ಮಾನವ ಇನ್ಸುಲಿನ್ ಅನ್ನು 'ಇನ್ಸುಜೆನ್' ಹೆಸರಿನಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು. 2024ರ ಮಾರ್ಚ್‌ನಲ್ಲಿ ಅದರ ಜೆನೆರಿಕ್ ಲಿರಾಗ್ಲುಟೈಡ್‌ಗೆ ಬ್ರಿಟನ್‌ನಲ್ಲಿ ಅನುಮತಿ ದೊರೆಯಿತು.

ಸಂಗ್ರಹಣೆ ಮತ್ತು ಲಭ್ಯತೆ

ಇನ್ಸುಲಿನ್‌ನ ತೆರೆಯದ ಬಾಟಲಿಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಪ್ಪುಗಟ್ಟದಂತೆ ಇಡಬೇಕು. ಹೊಸಪೇಟೆ, ಕಂಪ್ಲಿಯಂತಹ ಬಿಸಿಲಿನ ಊರುಗಳಲ್ಲಿ ತಯಾರಕರಿಂದ ರೋಗಿಯ ಮನೆಯವರೆಗೂ ಈ ತಂಪನ್ನು ಕಾಯ್ದುಕೊಳ್ಳುವುದು ಅಗತ್ಯ. ಬೆಲೆ ಇಳಿದರೂ ಈ ಸರಪಳಿ ಮುರಿದರೆ ಔಷಧದ ಪರಿಣಾಮ ಕುಗ್ಗುತ್ತದೆ.